ಮೂರನೆಯ ಪಿಕಪ್

ರಿಪೇರಿಯವನಿಗೆ ಆ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನಿಂದ ಬೇಕಾದ ಕಿಣಿಕಿಣಿ ಸಿಕ್ಕಿರಲಿಲ್ಲ. ತಂತಿಯ ನಡುಕವನ್ನು ಸ್ಪೀಕರಿಗೆ ಮುಟ್ಟಿಸುವ ಪಿಕಪ್ಪನ್ನು ಎರಡು ಸಲ ಬದಲಿಸಿದ್ದ. ಈಗ ಎಲ್ಲಕ್ಕಿಂತ ಚೂಪು ಸ್ವರದ ಮೂರನೆಯದನ್ನು ಬೆಸೆದು ಬಾರಿಸಿದ.

"ಇದೂ ಮಂಕು. ತಯಾರಿಸೋರೆಲ್ಲ ಕಳ್ಳರೇ."

ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. "ನಿಲ್ಸಪ್ಪಾ! ಸೂಜಿ ಚುಚ್ಚಿದ ಹಾಗಾಗ್ತಿದೆ. ಮೊದಲನೇದೇ ಚೆನ್ನಾಗಿತ್ತು."

"ಯಾವುದಮ್ಮಾ ಚುಚ್ಚೋದು?"

ಅವಳು ಅತಿ ಸಣ್ಣ ತಂತಿಯೊಂದನ್ನೇ ಮೀಟಿದಳು. ಅದು ನಡುಗುವುದು ಅವನಿಗೆ ಕಂಡಿತು. ಸ್ಪೀಕರಿಗೆ ಬಲಗಿವಿ ಹಚ್ಚಿದ, ಆಮೇಲೆ ಎಡಗಿವಿ. ಬಟ್ಟೆ ಸುತ್ತಿಟ್ಟಂಥ ಅದೇ ಸದ್ದು.

"ಜೋರಾಗಿ ಮೀಟು."

"ಇನ್ನೆಷ್ಟು ಜೋರಾಗಿ?" ಎಂದವಳು ಅಪ್ಪನ ಮುಖ ನೋಡಿ ತಂತಿಯಿಂದ ಕೈ ತೆಗೆದಳು.

ಇಪ್ಪತ್ತು ವರ್ಷದಿಂದ ಸ್ವರ ಕೂಡಿಸುವುದೇ ಅವನ ಅನ್ನವಾಗಿತ್ತು. ಪಿಕಪ್ ಮೂರೂ ಸರಿಯಾಗಿದ್ದವು. ಹೋಗಿದ್ದು ಎರಡು ಕಿವಿ.