ದೊಡ್ಡತಾಯಮ್ಮನ ಬೈಗುಳ

ದೊಡ್ಡತಾಯಮ್ಮ ಬಾಯಿ ತೆರೆದರೆ ಬಸ್‌ಸ್ಟ್ಯಾಂಡಿನ ಬಸ್ಸುಗಳೂ ಹಾರನ್ ನಿಲ್ಲಿಸುತ್ತಿದ್ದವು. ಇಡ್ಲಿ ಗಾಡಿಗೆ ಬಂದ ಗಿರಾಕಿಗಳಿಗೆ ಅವಳು ಬಯ್ಯುವುದನ್ನು ಎದುರು ಹೋಟೆಲಿನ ಚಿಕ್ಕಲಿಂಗ ಕದ್ದು ವಿಡಿಯೋ ಮಾಡಿ, ‘ಮಾನ ಇರುವವರು ಇಲ್ಲಿ ತಿನ್ನಬೇಡಿ’ ಎಂದು ಫೇಸ್‌ಬುಕ್ಕಿಗೆ ಹಾಕಿದ. ಮರುದಿನ ಒಬ್ಬನೂ ಗಾಡಿಯ ಹತ್ತಿರ ಸುಳಿಯಲಿಲ್ಲ. ಬೆಟ್ಟದಷ್ಟು ಇಡ್ಲಿಯನ್ನು ಹಸುಗಳಿಗೆ ಹಾಕಿ, ಅವಳು ಅವನ ಹೋಟೆಲಿನತ್ತ ಹಿಡಿಮಣ್ಣು ತೂರಿದಳು.

"ನಿನ್ನ ಒಲೇಲೂ ಬೆಕ್ಕು ಮಲಗ್ಲಿ ಕಣ್ಲಾ!"

ವಾರ ಕಳೆಯುವುದರೊಳಗೆ ಆ ವಿಡಿಯೋ ನೋಡಿಕೊಂಡೇ ಮೈಸೂರಿನಿಂದ ಕಾರುಗಳು ಬಂದವು. ಫೋನ್ ಎತ್ತಿ ಹಿಡಿದ ಹುಡುಗರು, "ಅಜ್ಜಿ, ನಂಗೂ ಒಂಚೂರು ಬಯ್ಯಿ" ಎಂದು ಸಾಲುಗಟ್ಟಿದರು.

"ಎಮ್ಮೆ ಹಂಗೆ ನಿಂತಿದ್ದೀಯಲ್ಲ, ತಟ್ಟೆ ಹಿಡ್ಕಳ್ಲಾ!" ಎಂದರೆ ಸಾಕು, ಅವರಿಗೆ ಸ್ವರ್ಗ ಸಿಕ್ಕಷ್ಟು ಖುಷಿ.

ಚಿಕ್ಕಲಿಂಗನ ಹೋಟೆಲಿನಿಂದ ನೊಣಗಳೂ ಬೇಸತ್ತು ಎದ್ದುಹೋದವು. ಕೊನೆಗೆ ಅವನೇ ಫೋನ್ ಹಿಡಿದು ಗಾಡಿಯ ಹತ್ತಿರ ಬಂದ.

"ಅಕ್ಕ, ತಪ್ಪಾಯ್ತು. ಜನ ನೋಡೋಹಂಗೆ ನಂಗೂ, ನನ್ನ ಹೋಟ್ಲಿಗೂ ಒಸಿ ಉಗಿಯಕ್ಕ. ನಿನ್ನ ಬಾಯಿಗೆ ಬಿದ್ರೆ ನಾನೂ ಬದುಕ್ಕೊಳ್ತೀನಿ."

"ಬಾಯ್ತುಂಬ ಬಯ್ಲಾ?"

"ಬಾಯ್ತುಂಬ ಬಯ್ಯಕ್ಕ. ಲೈವ್ ಬಿಟ್ಟಿವ್ನಿ, ಸಾವಿರಾರು ಜನ ನೋಡ್ತಾವ್ರೆ."

ದೊಡ್ಡತಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಂಟಲು ಸರಿಮಾಡಿಕೊಂಡಳು. ಸಾಲಿನಲ್ಲಿದ್ದವರೆಲ್ಲ ಮುಂದಕ್ಕೆ ನುಗ್ಗಿ ಬಂದರು.

ಅವಳು ಫೋನಿನತ್ತ ಒಮ್ಮೆ ನೋಡಿ, ಚಿಕ್ಕಲಿಂಗನಿಗೆ ಎರಡೂ ಕೈ ಮುಗಿದಳು.

"ಬನ್ನಿ ಸ್ವಾಮಿ, ಕೂತ್ಕೊಳಿ. ನಿಮ್ಮಂಥ ಒಳ್ಳೇವ್ರು ಈ ಊರಲ್ಲೇ ಇಲ್ಲ."