ಬೇರು ಹಿಡಿಯುವವರೆಗೆ

ಸರ್ವರ್ ಬೇಗಂಳ ಶವವಿದ್ದ ಜನಾಜಾ ಹೊತ್ತವರು ಅಂಗಳದಲ್ಲಿ ಕಟ್ಟಿದ್ದ ಹಗ್ಗದ ಮುಂದೆ ನಿಂತುಬಿಟ್ಟರು. ಮೆಟ್ಟಿಲು ತೀರಾ ಕಿರಿದು. ಗೇಟಿಗೆ ಇಳಿಯಲು ಉಳಿದದ್ದು ಇಳಿಜಾರಿನ ಹುಲ್ಲುಹಾಸೊಂದೇ. ಅದರ ಮೇಲೆ ಕೋಳಿ ಹಾದರೂ ಅವಳ ಗಂಡ ರಹಮತ್ ಉಲ್ಲಾ ಕೂಗಾಡುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತು.

"ಏನ್ಮಾಡಣ ಸಾಬ್ರೇ?" ಮುಂದೆ ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ಭೈರೇಶ್ ಮೆಲ್ಲಗೆ ಕೇಳಿದ.

ಲಕ್ವ ಹೊಡೆದ ಹೆಂಡತಿ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಲಿ ಎಂದು ಡಾಕ್ಟರು ಹೇಳಿದ್ದಕ್ಕೇ ರಹಮತ್ ಉಲ್ಲಾ ಮಣ್ಣುಸಮೇತ ಹುಲ್ಲಿನ ತುಂಡುಗಳನ್ನು ತಂದು ಹಾಸಿ, ಜಾರದಂತೆ ಒಂದೊಂದಕ್ಕೂ ಬಿದಿರುಗೂಟ ಹೊಡೆದಿದ್ದ. ಅವಳು ದಿನವೂ ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕೂತು, "ಇವತ್ತು?" ಎನ್ನುತ್ತಿದ್ದಳು. "ಬೇರು ಹಿಡೀಲಿ ತಡಿ, ಇನ್ನೊಂದು ವಾರ," ಎನ್ನುತ್ತಿದ್ದ ಅವನು.

ರಹಮತ್ ಉಲ್ಲಾ ಹಗ್ಗ ಬಿಚ್ಚಿದ. "ತುಳ್ಕೊಂಡೇ ಹೋಗ್ರಪ್ಪಾ. ಇನ್ಯಾರಿಗೆ ಕಾಯ್ಲಿ?"

ಅವರು ಹಿಮ್ಮಡಿ ಊರುತ್ತ ಇಳಿದರು. ಹಿಂದೆಯೇ ಹೊರಟವನು, ಜಾರಿದ ತುಂಡುಗಳನ್ನು ಸರಿಪಡಿಸಲು ಅಭ್ಯಾಸಬಲದಿಂದ ಬಗ್ಗಿದ. ಒಂದೂ ಕದಲಿರಲಿಲ್ಲ. ಗೂಟ ಕಿತ್ತು, ಹುಲ್ಲು ಹಿಡಿದು ಜಗ್ಗಿದ. ಬರಲಿಲ್ಲ. ಎರಡೂ ಕೈಯಿಂದ ಜಗ್ಗಿದ.

"ಬನ್ನಿ ಸಾಬ್ರೇ," ಭೈರೇಶ್ ಗೇಟಿನಿಂದ ಕರೆದ.

ರಹಮತ್ ಉಲ್ಲಾ ಹುಲ್ಲು ಬಿಡಲಿಲ್ಲ. "ಹಿಡ್ಕಂಬಿಟ್ಟೈತೆ ಕಣೋ," ಎಂದ. "ಯಾವತ್ತೋ ಹಿಡ್ಕಂಬಿಟ್ಟೈತೆ."