ಒಂದೂ ಸಾವಿಲ್ಲ

"ಇದು ಯಾವ ಲೆಕ್ಕ? ಮೊದಲು ಅದು ಹೇಳಿ."

ಪ್ಯಾರಾಗ್ಲೈಡಿಂಗ್ ಕಂಪನಿಯ ಮ್ಯಾನೇಜರನ ಮುಂದೆ ನಿಂತು ದರ್ಜಿ ಹೆಂಗಸು ಗೋಡೆಯ ಬೋರ್ಡಿನತ್ತ ಬೆರಳು ಮಾಡಿದಳು. ಹತ್ತು ವರ್ಷ, ನಲವತ್ತು ಸಾವಿರ ಹಾರಾಟ, ಒಂದೂ ಸಾವಿಲ್ಲ. ಇದನ್ನೇ ನಂಬಿ ಅವಳ ತಮ್ಮ ಪ್ಯಾರಾಗ್ಲೈಡಿಂಗಿಗೆ ಹೆಸರು ಕೊಟ್ಟಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೋ ಎಂದು ಅವಳು ಎಷ್ಟು ಹೇಳಿದರೂ, ಸ್ಕೂಟರಿಗಿಂತ ಇದೇ ವಾಸಿ ಅಕ್ಕಾ ಎಂದು ನಕ್ಕು ಹೋಗಿದ್ದ. ಹೋದವನು ಬಿದ್ದು ಮೂರು ದಿನವಾಯಿತು. ಆಸ್ಪತ್ರೆಯಲ್ಲಿ ಯಂತ್ರ ಅವನ ಪರವಾಗಿ ಉಸಿರಾಡುತ್ತಿತ್ತು.

ಜಗಳವಾಡಿ ಹಾರಾಟದ ಪುಸ್ತಕ ತರಿಸಿ ನೋಡಿದಾಗ ಬಂಡವಾಳ ಬಯಲಾಯಿತು. ಕಲಿಯುವವರು ಆಳೆತ್ತರದ ದಿಬ್ಬದಿಂದ ಕುಪ್ಪಳಿಸಿದ್ದೂ ಅಲ್ಲಿ ಹಾರಾಟವೇ. ಅವಳ ಮೈಯೆಲ್ಲ ಉರಿದುಹೋಯಿತು. ಟೇಪು ಎಲ್ಲಿಂದ ಹಿಡಿದರೆ ಎಷ್ಟು ಬರುತ್ತದೆ ಎಂಬುದನ್ನು ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಇವರು ಕಲಿಸಬೇಕೆ?

"ನನ್ನ ತಮ್ಮನಿಗೆ ಏನಾದ್ರೂ ಆದ್ರೆ ಆ ಸಾಲು ಅಳಿಸಬೇಕು ನೀವು. ಅದನ್ನ ನಂಬಿ ಇನ್ನೊಬ್ಬ ಬೀಳಬಾರದು."

ಮ್ಯಾನೇಜರ್ ತಲೆ ತಗ್ಗಿಸಿದ. "ಏನೂ ಆಗೋಕೆ ಬಿಡಲ್ಲ ಮೇಡಂ."

ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಬಂದ. ಅವಳಿಗೆಂದು ಫ್ಲಾಸ್ಕಿನಲ್ಲಿ ಚಹಾ ತಂದ. ಹಾಸಿಗೆಯ ಬಳಿ ನಿಂತು ಪುಟ್ಟ ಡೈರಿಯಲ್ಲಿ ಒಂದು ಗೀಟು ಎಳೆದುಕೊಂಡ. ಏನೋ ಹರಕೆ ಇರಬೇಕು ಎಂದುಕೊಂಡಳು.

ಎಂಟನೆಯ ದಿನ ಡಾಕ್ಟರು, ಮಿದುಳು ಮತ್ತೆ ಚೇತರಿಸಿಕೊಳ್ಳುವುದಿಲ್ಲ, ಯಂತ್ರ ತೆಗೆಸುವುದು ಬಿಡುವುದು ಮನೆಯವರಿಗೆ ಸೇರಿದ್ದು ಎಂದರು. ಅವಳಿಗಿಂತ ಮೊದಲು ಗಾಬರಿಬಿದ್ದವನು ಮ್ಯಾನೇಜರ್.

"ಅವಸರ ಬೇಡ ಅಕ್ಕಾ. ಒಂದು ತಿಂಗಳಾದ್ರೂ ತುಂಬಲಿ. ಖರ್ಚೆಲ್ಲ ನಮ್ಮದು."

ಅಕ್ಕಾ ಎಂದದ್ದೇ ಅವಳ ಸಿಟ್ಟು ಅರ್ಧ ಇಳಿಯಿತು. ಆ ಬೋರ್ಡಿನ ವಿರುದ್ಧ ಬರೆದಿಟ್ಟಿದ್ದ ದೂರಿನ ಅರ್ಜಿಯನ್ನು ಹೊಲಿಗೆ ಯಂತ್ರದ ಡ್ರಾಯರಿಗೆ ತಳ್ಳಿದಳು. ಲೆಕ್ಕ ಸುಳ್ಳಿರಬಹುದು, ಮನುಷ್ಯ ಸುಳ್ಳಲ್ಲ ಎನ್ನಿಸಿತು. ತಮ್ಮನ ಕೈ ಮಾತ್ರ ದಿನದಿನಕ್ಕೆ ಕಡ್ಡಿಯಾಗುತ್ತ ಬಂತು. ಅದನ್ನು ಹಿಡಿದು ಕೂತವಳಿಗೆ ತನ್ನ ಮೇಲೂ ಯಂತ್ರದ ಮೇಲೂ ಜಿಗುಪ್ಸೆ ಬರುತ್ತಿತ್ತು.

ಒಂದು ಬೆಳಿಗ್ಗೆ ಮ್ಯಾನೇಜರ್ ಬರಲಿಲ್ಲ. ಫೋನು ಬಂತು.

"ಇನ್ನು ನಿಮ್ಮಿಷ್ಟ ಮೇಡಂ. ಪಾಪ, ಎಷ್ಟು ದಿನ ಅಂತ ನರಳ್ತಾನೆ."

ಅವಳಿಗೂ ನೋಡಿ ನೋಡಿ ಸಾಕಾಗಿತ್ತು. ಅಂದೇ ಮಧ್ಯಾಹ್ನ ಯಂತ್ರ ತೆಗೆಸಿದಳು.

ವಾರ ಕಳೆದ ಮೇಲೆ ಫ್ಲಾಸ್ಕು ವಾಪಸು ಕೊಡಲು ಹೋದಳು. ಗೋಡೆಯ ಮೇಲೆ ಹೊಸ ಬೋರ್ಡು: ಹನ್ನೊಂದು ವರ್ಷ, ಒಂದೂ ಸಾವಿಲ್ಲ. ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿ, ಹಾಗಾದರೆ ನನ್ನ ತಮ್ಮ ಯಾರು ಎಂದು ಕೇಳಿದಳು.

ಮ್ಯಾನೇಜರ್ ಕಾಗದದಿಂದ ತಲೆಯೆತ್ತಲಿಲ್ಲ. "ಕೆಳಗಡೆ ಚಿಕ್ಕದಾಗಿ ಬರೆದಿದೆ ಮೇಡಂ, ಓದಿಕೊಳ್ಳಿ."

ಕನ್ನಡಕ ಹಾಕಿಕೊಂಡು ಬಗ್ಗಿದಳು. ಬಿದ್ದ ಮೂವತ್ತು ದಿನಗಳೊಳಗೆ ಸತ್ತವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ.

ಅವನ ಫೋನು ಬಂದದ್ದು ಮೂವತ್ತೊಂದನೆಯ ದಿನ ಬೆಳಿಗ್ಗೆ.